ಸಾರಿ ಅನ್ನುವ ಮಾತಿಗೆ ಅರ್ಥ

ರಾಯಲ್ಪಾಡಿನ ಕಡೆಯ ಹಳ್ಳಿಗಳಲ್ಲಿ ಪುರಾಣ ಓದುವುದಕ್ಕೆ ಇಬ್ಬರು ಬೇಕು. ಒಬ್ಬರು ಕನ್ನಡದ ಪದ್ಯವನ್ನು ರಾಗವಾಗಿ ಓದಬೇಕು, ಇನ್ನೊಬ್ಬರು ಅದರ ಅರ್ಥವನ್ನು ತೆಲುಗಿನಲ್ಲಿ ಹೇಳಬೇಕು. ಓದುವವರ ಗಂಟಲು ಎಷ್ಟೇ ಇಂಪಾಗಿದ್ದರೂ ಅರ್ಥ ಹೇಳುವವನು ಬಾಯಿ ತೆರೆಯುವ ತನಕ ಹೆಂಗಸರ ಕಣ್ಣಲ್ಲಿ ನೀರು ಬರುವುದಿಲ್ಲ.

ಕೋದಂಡರಾಮಪ್ಪ ಮೇಷ್ಟ್ರು ಓದುತ್ತಿದ್ದರು, ಆವಲಪ್ಪ ಅರ್ಥ ಹೇಳುತ್ತಿದ್ದ. ಇಪ್ಪತ್ತೊಂದು ಶ್ರಾವಣ ಹೀಗೇ ನಡೆದಿತ್ತು. ಮೇಷ್ಟ್ರು ಹಗಲೆಲ್ಲ ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ, ಸಂಜೆ ಬಸ್ಸಿಗೆ ಊರಿಗೆ ಬಂದು, ಕೈಕಾಲು ತೊಳೆದು ರಾಮಮಂದಿರದಲ್ಲಿ ಕೂರುವರು. ಆವಲಪ್ಪನಿಗೆ ಅಕ್ಷರ ಬಾರದು. ಹಿಪ್ಪುನೇರಳೆ ತೋಟ, ರೇಷ್ಮೆಹುಳು, ಅಷ್ಟೇ ಅವನ ಬದುಕು. ಆದರೆ ಅಪ್ಪನ ಬಾಯಿಂದ ಕೇಳಿ ಕಲಿತ ಪದ್ಯಗಳು ಅವನ ನೆನಪಿನಲ್ಲಿ ಸಾವಿರಗಟ್ಟಲೆ ಇದ್ದವು.

ಈ ಓದಿಗೊಂದು ಕಟ್ಟಳೆಯುಂಟು. ಸಾವಿನ ಮೇಲೆ ಪುಸ್ತಕ ಕಟ್ಟಬಾರದು. ಯುದ್ಧದ ಭಾಗದಲ್ಲಿ ಯಾರಾದರೂ ಮಡಿದ ಪದ್ಯ ಬಂದರೆ, ಎಷ್ಟೇ ಹೊತ್ತಾಗಲಿ, ಮುಂದೆ ಓದಿ ಒಂದು ಮದುವೆಯನ್ನೋ ಹುಟ್ಟನ್ನೋ ಮುಟ್ಟಿ ನಿಲ್ಲಿಸಬೇಕು. ಅದಾಗದಿದ್ದರೆ ಮಂಗಳದ ಪದ್ಯವೊಂದನ್ನಾದರೂ ಹೇಳಿ ಏಳಬೇಕು. ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ಒಂದು ದಿನ ಮೇಷ್ಟ್ರು ಇದನ್ನು ತಪ್ಪಿದರು.

ಬೇಕೆಂದು ತಪ್ಪಿದ್ದಲ್ಲ. ಆ ದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಮೂರು ಮೈಲಿ ಕೆಸರು ತುಳಿದು ಬಂದಿದ್ದರು. ಐವತ್ತಾರರ ಮೈ, ಸಾಲದ್ದಕ್ಕೆ ಕಟ್ಟಿದ ಗಂಟಲು. ಎಳೆಯ ರಾಜಕುಮಾರನೊಬ್ಬ ರಣದಲ್ಲಿ ಬಿದ್ದ ಪದ್ಯ ಮುಗಿಯುತ್ತಲೇ ಕೆಮ್ಮು ಹಿಡಿಯಿತು.

"ಸಾಕಪ್ಪ ಇವತ್ತಿಗೆ" ಎಂದು ಪುಸ್ತಕಕ್ಕೆ ವಸ್ತ್ರ ಸುತ್ತಿದರು.

"ಮೇಷ್ಟ್ರೇ, ಮಂಗಳ?" ಎಂದ ಆವಲಪ್ಪ.

"ನಾಳೆ ಎರಡು ಹೇಳ್ತೀನಿ ಬಿಡಯ್ಯ. ಬಡ್ಡಿ ಸೇರಿಸಿ."

ಜನ ನಕ್ಕರು. ಆವಲಪ್ಪನೂ ನಕ್ಕ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಆವಲಪ್ಪನ ಮಗಳು ವೆಂಕಟರತ್ನಮ್ಮನ ಹತ್ತು ತಿಂಗಳ ಕೂಸು ತೀರಿಕೊಂಡಿತು. ಪುರಾಣ ಕೇಳಲೆಂದು ತವರಿಗೆ ಬಂದಿದ್ದವಳು ಹಿಂದಿನ ಸಂಜೆ ಮಂದಿರದ ಕಂಬಕ್ಕೊರಗಿ, ಆ ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳು. ಮಧ್ಯಾಹ್ನದೊಳಗೆ ಊರಿಗೆ ಊರೇ ಒಂದೇ ಮಾತಾಡಿತು. ಅಯ್ಯೋರು ಸಾವಿನ ಮೇಲೆ ಪುಸ್ತಕ ಕಟ್ಟಿದರು, ಸಾವು ಮನೆ ಹುಡುಕಿಕೊಂಡು ಬಂತು. ಆ ಮಾತು ಮೊದಲು ಹೊರಟದ್ದು ಆವಲಪ್ಪನ ಬಾಯಿಂದಲೇ ಎಂದು ಮೇಷ್ಟ್ರಿಗೆ ಆಮೇಲೆ ತಿಳಿಯಿತು. ಓದು ಅಲ್ಲಿಗೇ ನಿಂತಿತು.

ಮೂರನೆಯ ದಿನ ಮೇಷ್ಟ್ರು ಆವಲಪ್ಪನ ಜಗಲಿಯ ಮುಂದೆ ಹೋಗಿ ನಿಂತರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಎದುರಿಗೆ ನಿಂತಾಗ ಅದರಲ್ಲಿ ಒಂದೂ ಹೊರಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿ ಕಲಿಸಿ ನಾಲಿಗೆಯ ತುದಿಯಲ್ಲೇ ಕೂತಿದ್ದ ಮಾತೊಂದು ತಾನಾಗಿ ಜಾರಿತು.

"ಸಾರಿ, ಆವಲಪ್ಪ."

ಆವಲಪ್ಪ ತಲೆಯೆತ್ತಿದ. ಸಿಟ್ಟಿದ್ದರೂ ಬಹುವಚನ ಬಿಡಲಿಲ್ಲ. ಅದು ಮೇಷ್ಟ್ರಿಗೆ ಇನ್ನಷ್ಟು ಚುಚ್ಚಿತು.

"ಅಂದ್ರೇನು ಮೇಷ್ಟ್ರೇ?"

"ಅಂದ್ರೆ... ಕ್ಷಮಿಸು ಅಂತ ಕಣಯ್ಯ."

"ಬಸ್ಸಲ್ಲಿ ಕಾಲು ತುಳಿದೋನೂ ಅದನ್ನೇ ಅಂತಾನೆ. ಕಂಡಕ್ಟ್ರು ಚಿಲ್ರೆ ಇಲ್ದಿದ್ರೂ ಅದನ್ನೇ ಅಂತಾನೆ. ನನ್ ಮೊಮ್ಮಗನಿಗೂ ಅದೇನಾ? ನೀವು ಓದಿದ್ದಕ್ಕೆಲ್ಲ ಇಷ್ಟು ವರ್ಷ ನಾನು ಅರ್ಥ ಹೇಳಿದೀನಿ. ಒಂದು ಪದಾನೂ ತೇಲಿಸಿ ಹೇಳಿಲ್ಲ. ಇದೊಂದಕ್ಕೆ ನೀವು ಹೇಳಿ. ಗೊತ್ತಿಲ್ವಾ? ಗೊತ್ತಾದ ದಿನ ಬನ್ನಿ."

ಮೇಷ್ಟ್ರು ಹಿಂದಿರುಗಿದರು. ನಿಜ ಹೇಳಬೇಕೆಂದರೆ ಅವರಿಗೆ ಗೊತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಆಡುವ ಮಾತು. ಅದು ಎಲ್ಲಿ ಹುಟ್ಟಿತು, ಒಳಗೆ ಏನಿಟ್ಟುಕೊಂಡಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಶಾಲೆಯ ನಿಘಂಟು ತೆಗೆದು ನೋಡಿದರೆ ಅಲ್ಲಿ ಒಂದೇ ಸಾಲು. ಆ ಒಂದು ಸಾಲು ಹಿಡಿದುಕೊಂಡು ಆವಲಪ್ಪನ ಮುಂದೆ ಹೋಗಲು ಮುಖವಿಲ್ಲ. ಅವನ ಮುಂದೆ ಮತ್ತೆ ಕೂರಲಾಗದಿದ್ದರೆ ಇನ್ನು ಬದುಕಿನಲ್ಲಿ ಸಂಜೆ ಎನ್ನುವುದೇ ಇಲ್ಲ ಎಂದು ಅವರಿಗೆ ಅನ್ನಿಸಿತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಕೋಲಾರದ ಬಸ್ಸು ಹತ್ತಿದರು. ಅಲ್ಲಿನ ಕಾಲೇಜಿನ ಲೈಬ್ರರಿಯಲ್ಲಿ ಅವರ ಹಳೆಯ ವಿದ್ಯಾರ್ಥಿ ಲಿಯಾಖತ್ ಕೆಲಸಕ್ಕಿದ್ದ. ಮಾತುಗಳ ಹುಟ್ಟನ್ನು ಹೇಳುವ ದಪ್ಪ ನಿಘಂಟನ್ನು ಎರಡು ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟ.

"ಯಾವ ಪದ ಸಾರ್?"

"ಸಾರಿ."

"ಯಾಕೆ ಸಾರ್, ಏನಾಯ್ತು?"

"ಅದೇ ಪದ ಕಣೋ. ಸಾರಿ."

ಲಿಯಾಖತ್ ಬಾಯಿ ಮುಚ್ಚಿಕೊಂಡು ನಕ್ಕ. "ಹೋಂವರ್ಕ್ ಮರೆತ್ರೆ ಬೆತ್ತ ಹಿಡ್ಕೊಂಡು ನಮ್ಮ ಬಾಯಲ್ಲಿ ಅದನ್ನ ಹೇಳಿಸಿದ್ದೇ ನೀವು. ನಿಮಗೇ ಗೊತ್ತಿರ್ಲಿಲ್ವಾ?"

"ಗೊತ್ತಿದ್ರೆ ಬೆತ್ತ ಯಾಕೆ ಬೇಕಿತ್ತೋ?"

ಇಬ್ಬರೂ ಬಗ್ಗಿ ಓದಿದರು. ಸಣ್ಣ ಅಕ್ಷರ, ಮೇಷ್ಟ್ರ ಕನ್ನಡಕಕ್ಕೂ ದಕ್ಕದಷ್ಟು. ಬೆರಳಿಟ್ಟು ಸಾಲು ಸಾಲಾಗಿ ಹೋದರು. ದುಃಖಕ್ಕೆ ಇಂಗ್ಲಿಷಿನಲ್ಲಿ ಸಾರೋ ಎನ್ನುತ್ತಾರಲ್ಲ, ಇದು ಅದರ ತಮ್ಮನಿರಬೇಕೆಂದು ಮೇಷ್ಟ್ರು ಎಣಿಸಿದ್ದರು. ಅಲ್ಲವಂತೆ. ನೋಡಲು ಒಂದೇ ಮುಖ, ಹುಟ್ಟಿದ ಮನೆ ಬೇರೆ. ಸಾರಿ ಹುಟ್ಟಿದ್ದು ಹುಣ್ಣಿಗೆ, ಗಾಯದ ನೋವಿಗೆ ಹೇಳುವ ಹಳೆಯ ಮಾತಿನಿಂದ. ಮುಟ್ಟಿದರೆ ಉರಿಯುವಂಥವನು, ಒಳಗೆಲ್ಲ ನೊಂದವನು ಎಂದು ಮೊದಲು ಅದಕ್ಕೆ ಅರ್ಥವಿತ್ತು. ಆಮೇಲೆ ದಿಕ್ಕಿಲ್ಲದ್ದಕ್ಕೆ, ಕೆಲಸಕ್ಕೆ ಬಾರದ್ದಕ್ಕೂ ಅದೇ ಮಾತು ಬಂತು. ಬಡಕಲು ಕುದುರೆಯನ್ನೂ ಹಾಗೆ ಕರೆದರು. ಕಾಲು ತುಳಿದವನ ಬಾಯಿಗೆ ಬಂದದ್ದು ತೀರ ಈಚೆಗೆ.

ಲಿಯಾಖತ್ ಕೈಕಟ್ಟಿ ನಿಂತು ಯೋಚಿಸಿದ. "ನಾವು ಮಾಫ್ ಕರೋ ಅಂತೀವಲ್ಲ ಸಾರ್, ಅದು ಕೇಳೋದು. ಎದುರಿಗಿರೋರು ಕೊಡ್ಬೇಕು. ಇದು ಹಾಗಲ್ಲ. ಇದ್ರಲ್ಲಿ ಕೇಳೋದೇ ಇಲ್ಲ."

"ಹೌದಲ್ಲೋ."

"ಇಷ್ಟು ತಿಳ್ಕೊಳ್ಳೋಕೆ ಬಸ್ಸಲ್ಲಿ ಇಷ್ಟು ದೂರ ಬಂದ್ರಾ?"

"ನನಗೆ ಕಲಿಸೋಕೆ ಬೆತ್ತ ಹಿಡಿಯೋರು ಯಾರೂ ಇರ್ಲಿಲ್ಲ ಕಣಪ್ಪ" ಎಂದು ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

ಭಾನುವಾರ ಮಧ್ಯಾಹ್ನ ಹೋದಾಗ ಆವಲಪ್ಪ ತೋಟದಲ್ಲಿದ್ದ. ವೆಂಕಟರತ್ನಮ್ಮ ಜಗಲಿಯಲ್ಲಿ ಕೂತು ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದಳು. ಹುಳು ಇರುವ ಮನೆಯೊಳಕ್ಕೆ ಹೊರಗಿನವರನ್ನು ಬಿಡುವುದಿಲ್ಲ. ಅವಳು ಜಗಲಿಯ ಮೇಲೇ ಚಾಪೆ ಹಾಸಿದಳು. ಮೇಷ್ಟ್ರಿಗೆ ಅದೇ ದೊಡ್ಡದಾಗಿ ಕಂಡಿತು.

"ನನ್ನಿಂದ ಆಯ್ತಮ್ಮ" ಎಂದರು.

ಅವಳ ಕೈಯ ಕತ್ತಿ ನಿಂತಿತು. ತೋಟದ ದಾರಿಯತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಮಾತಾಡಿದಳು.

"ನಿಮ್ಮಿಂದ ಅಲ್ಲ ಮೇಷ್ಟ್ರೇ. ಮಗೂಗೆ ಮೂರು ದಿನದಿಂದ ಜ್ವರ ಸುಡ್ತಿತ್ತು. ಅವತ್ತು ಮಧ್ಯಾಹ್ನದ ಬಸ್ಸಿಗೆ ಆಸ್ಪತ್ರೆಗೆ ಹೋಗೋಣ ಅಂದೆ. ಅಪ್ಪ ಚಪ್ಪಲಿ ಹಾಕ್ಕೊಂಡು ಅಂಗಳಕ್ಕೂ ಇಳಿದ್ರು. ಆಮೇಲೆ, ಸಾಯಂಕಾಲದೊಳಗೆ ವಾಪಸ್ ಬರೋಕಾಗಲ್ಲ, ನಾನಿಲ್ದಿದ್ರೆ ಅರ್ಥ ಯಾರು ಹೇಳ್ತಾರೆ, ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗೋಣ ಅಂದ್ರು. ನಾನೂ ಹೂಂ ಅಂದೆ. ಪುರಾಣ ಕೇಳಿದ್ರೆ ಇಳಿಯುತ್ತೆ ಅಂತ ಮಡಿಲಲ್ಲಿ ಹಾಕ್ಕೊಂಡು ಕೂತೆ."

"ಯಾರಿಗಾದ್ರೂ ಹೇಳಿದೀಯಾ?"

"ಯಾರಿಗೆ ಹೇಳ್ಲಿ? ಅಪ್ಪ ಅನ್ನ ಬಿಟ್ಟಿದಾರೆ. ನಿಮ್ಮನ್ನ ಬೈಯುವಾಗ ಮಾತ್ರ ಜೀವ ಇದ್ದಂಗೆ ಕಾಣ್ತಾರೆ."

ಇಷ್ಟು ದಿನದಿಂದ ಹೊತ್ತದ್ದನ್ನು ಮೇಷ್ಟ್ರು ಇಳಿಸಿಬಿಡಬಹುದಿತ್ತು. ಊರ ಮುಂದೆ ಒಂದು ಮಾತು ಸಾಕಿತ್ತು. ಅಷ್ಟರಲ್ಲಿ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಆವಲಪ್ಪ ಬಂದ. ಹೊರೆ ಇಳಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು, ದೂರದಲ್ಲೇ ನಿಂತ. ಮೊದಲಿಗಿಂತ ಅರ್ಧ ಆಗಿದ್ದ.

"ಸಿಕ್ತಾ ಅರ್ಥ?"

"ಕೋಲಾರಕ್ಕೆ ಹೋಗಿ ನೋಡ್ಕೊಂಡು ಬಂದೆ. ಹುಣ್ಣು ಅನ್ನೋ ಮಾತಿನಿಂದ ಹುಟ್ಟಿದ್ದು ಅದು. ಮೈಯೆಲ್ಲ ಹುಣ್ಣಾದೋನು ಆಡೋ ಮಾತು."

ಆವಲಪ್ಪ ಮಗಳತ್ತ ತಿರುಗಿದ. ಇಪ್ಪತ್ತೊಂದು ವರ್ಷದ ರೂಢಿ, ಅವನು ತಡೆದರೂ ನಿಲ್ಲುವಂಥದಲ್ಲ. "ಒಳ್ಳಂತಾ ಪುಂಡು ಅಂಟಮ್ಮಾ" ಎಂದು ತೆಲುಗಿನಲ್ಲಿ ಹೇಳಿದ. ಹೇಳುತ್ತಿರುವಾಗ ಅವನ ದನಿ ಬಿರಿಯಿತು.

"ಹುಣ್ಣು ಯಾರ್ದು ಮೇಷ್ಟ್ರೇ? ಹೇಳೋನ್ದಾ, ಕೇಳೋನ್ದಾ?"

"ಹೇಳೋನ್ದು."

"ಹಂಗಾದ್ರೆ ನಿಮ್ಮಿಂದಾನೇ ಆಯ್ತು ಅಂತ ಒಪ್ಕೊಂಡ್ರಿ."

ವೆಂಕಟರತ್ನಮ್ಮ ಸೊಪ್ಪಿನ ಮೇಲಿಂದ ಕಣ್ಣೆತ್ತಲಿಲ್ಲ. ಆವಲಪ್ಪ ಮೇಷ್ಟ್ರ ಬಾಯಿಯನ್ನೇ ನೋಡುತ್ತಿದ್ದ, ಮುಂದಿನ ಪದ್ಯಕ್ಕೆ ಕಾಯುವವನ ಹಾಗೆ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು. ಇಲ್ಲ ಎಂದುಬಿಟ್ಟರೆ ತಾನೆಲ್ಲಿಗೆ ಹೋಗಲಿ ಎಂಬ ಹೆದರಿಕೆ.

"ಹೌದು ಕಣಯ್ಯ" ಎಂದರು ಮೇಷ್ಟ್ರು. "ನಾನು ಮಂಗಳ ಹೇಳದೆ ಏಳಬಾರದಿತ್ತು."

ಆವಲಪ್ಪ ಜಗಲಿಯ ಅಂಚಿಗೆ ಬಂದು ಕುಕ್ಕರಿಸಿದ. ಟವೆಲನ್ನು ಬಾಯಿಗೆ ಒತ್ತಿಕೊಂಡು ಅತ್ತ. ಕೂಸು ಹೋದ ದಿನವೂ ಅವನು ಅತ್ತಿರಲಿಲ್ಲವೆಂದು ಊರವರು ಹೇಳುತ್ತಿದ್ದರು. ಮೇಷ್ಟ್ರು ಅವನ ಬೆನ್ನ ಮೇಲೆ ಕೈಯಿಟ್ಟರು. ಅವನು ಸರಿಯಲಿಲ್ಲ. ಬಹಳ ಹೊತ್ತಿನ ಮೇಲೆ, "ಮೇಷ್ಟ್ರಿಗೆ ಮಜ್ಜಿಗೆ ಕೊಡಮ್ಮಾ, ಬಿಸಿಲಲ್ಲಿ ಬಂದವ್ರೆ" ಎಂದ. ಅವಳು ಲೋಟ ತಂದು ಕೊಟ್ಟಳು. ಕೊಡುವಾಗ ಎರಡು ಕೈಯಲ್ಲಿ ಕೊಟ್ಟಳು.

ಮರುದಿನ ಮೇಷ್ಟ್ರು ಬಸ್ಸಿಗೆ ಕಾಯುತ್ತಿದ್ದಾಗ ದೊಡ್ಡಮುನಿಯಪ್ಪ ಬೀಡಿ ಹಚ್ಚುತ್ತಾ ಹತ್ತಿರ ಬಂದ. ಮಂದಿರದಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವನು.

"ಏನ್ ಮೇಷ್ಟ್ರೇ, ನಿಮ್ಮಿಂದಾನೇ ಅಂತ ನೀವೇ ಒಪ್ಕೊಂಡ್ರಂತೆ? ಊರಲ್ಲಿ ಮಾತಾಡ್ತಾವ್ರೆ. ನಿಜಾನಾ?"

ಮೇಷ್ಟ್ರಿಗೆ ಕಾಲು ನೋಯುತ್ತಿತ್ತು. ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು.

"ನಿಜ ಕಣಪ್ಪ" ಎಂದರು.