ಹಸಿಯಬೇಕಾದ ಚರ್ಮ

ಮರ ನುಣುಪು ಮಾಡುವ ಮಿಷನ್ನು ನನ್ನ ಬಲಗೈಯ ಹಿಂಭಾಗದ ಚರ್ಮವನ್ನು ಹೆರೆದು ಹಾಕಿದ ಮೇಲೆ ಡಾಕ್ಟರಮ್ಮ ಆ ಕೈಯನ್ನು ನನ್ನ ಹೊಟ್ಟೆಗೇ ಹೊಲಿದುಬಿಟ್ಟರು. ಹೊಟ್ಟೆಯ ಚರ್ಮದ ಪಟ್ಟಿಯೊಂದನ್ನು ಎಬ್ಬಿಸಿ, ಒಂದು ತುದಿಯನ್ನು ಹೊಟ್ಟೆಗೇ ಅಂಟಿರಲು ಬಿಟ್ಟು, ಇನ್ನೊಂದನ್ನು ಗಾಯದ ಮೇಲೆ ಹೊದಿಸಿದ್ದರು. ಕೈಯ ರಕ್ತನಾಳಗಳು ಅದರೊಳಕ್ಕೆ ಬೆಳೆದುಕೊಂಡರೆ ಹೊಟ್ಟೆಯ ಕೊಂಡಿ ಕತ್ತರಿಸುತ್ತಾರೆ. ಬೆಳೆಯದಿದ್ದರೆ ಚರ್ಮ ಕೊಳೆಯುತ್ತದೆ, ಬಡಗಿಯ ಕೈ ಕೆಲಸಕ್ಕೆ ಬಾರದಾಗುತ್ತದೆ. ಜೇಬಿನಲ್ಲಿ ಕೈಯಿಟ್ಟ ದೊಡ್ಡ ಮನುಷ್ಯನಂತೆ ಮಲಗಿ ನಾನು ಅದನ್ನೇ ಯೋಚಿಸುತ್ತಿದ್ದೆ.

ನರ್ಸ್ ದಿನಾ ಸ್ವಲ್ಪ ಹೊತ್ತು ಆ ಕೊಂಡಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದಳು. ಹೊಟ್ಟೆಯ ರಕ್ತ ನಿಂತು ಚರ್ಮ ನೀಲಿಗಟ್ಟುತ್ತಿತ್ತು. ನನ್ನನ್ನು ನೋಡಿಕೊಳ್ಳಲು ಬಂದಿದ್ದ ಅಕ್ಕನಿಗೆ ಜೀವವೇ ಬಾಯಿಗೆ ಬರುತ್ತಿತ್ತು. ನರ್ಸ್ ಬೆನ್ನು ತಿರುಗಿಸಿದ್ದೇ ತಡ, ಪಟ್ಟಿ ಸಡಿಲಿಸಿಬಿಡುತ್ತಿದ್ದಳು.

"ಅಕ್ಕ, ಬೈತಾರೆ ಕಣೇ."

"ಬೈಲಿ ಬಿಡೋ. ಉಸಿರುಗಟ್ಟಿ ಒದ್ದಾಡ್ತಿದೆ ಅದು. ನೋಡ್ಕೊಂಡು ಕೂತಿರೋಕೆ ನಾನೇನು ಕಲ್ಲಾ?"

ನೀಲಿ ಇಳಿದು ಗುಲಾಬಿ ಬಣ್ಣ ಬಂದರೆ ನನಗೂ ಹಾಯೆನಿಸುತ್ತಿತ್ತು, ಸುಳ್ಳೇಕೆ ಹೇಳಲಿ.

ಕೊಂಡಿ ಕತ್ತರಿಸುವ ಮುನ್ನಾದಿನ ಡಾಕ್ಟರಮ್ಮ ತಾವೇ ಪಟ್ಟಿ ಬಿಗಿದು, ಕದಲದೆ ನಿಂತರು. ಚರ್ಮ ನೀಲಿಯಾಯಿತು, ನೀಲಿಯಾಗಿಯೇ ಉಳಿಯಿತು.

"ಇಷ್ಟು ಹೊತ್ತಿಗೆ ಕೈ ಕಡೆಯಿಂದ ರಕ್ತ ಬರ್ಬೇಕಿತ್ತಲ್ಲ. ದಿನಾ ಕಟ್ತಿದ್ದಾರೆ ತಾನೇ?"

ಅಕ್ಕ ಅಳುತ್ತಾ ಎಲ್ಲ ಹೇಳಿಬಿಟ್ಟಳು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು.

"ನೋಡೀಮ್ಮಾ, ಉಸಿರು ಸಾಲ್ದೇ ಇದ್ದಾಗ್ಲೇ ಚರ್ಮದ ಜೀವಕೋಶಗಳು 'ರಕ್ತ ಕಳ್ಸಿ' ಅಂತ ಒಂದು ರಾಸಾಯನಿಕ ಬಿಡೋದು. ಅದು ಕೈಯ ರಕ್ತನಾಳಕ್ಕೆ ತಲುಪಿದ್ರೆ ಅಲ್ಲಿಂದ ಹೊಸ ಕವಲು ಹೊರಡುತ್ತೆ. ನೀವು ಹಸಿವಾಗೋಕೆ ಮುಂಚೇನೇ ಬಡಿಸಿಬಿಟ್ರಿ. ಅದು ಯಾಕೆ ಕೂಗುತ್ತೆ? ಇನ್ನೊಂದು ವಾರ ನೋಡೋಣ. ಆಗ್ಲೂ ಬರ್ಲಿಲ್ಲ ಅಂದ್ರೆ ಈ ಚರ್ಮ ಉಳಿಯಲ್ಲ."

ಪಟ್ಟಿ ಬಿಗಿದಾಗಲೆಲ್ಲ ಕಾಯುವ ಕೆಲಸವನ್ನು ಅಕ್ಕ ಹಟ ಹಿಡಿದು ತಾನೇ ವಹಿಸಿಕೊಂಡಳು. ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದಳು. ಈಗ ಹೆದರಿಕೆಗೆ ಬಿದ್ದವನು ನಾನು.

"ಒಂಚೂರು ಸಡಿಲ ಮಾಡೇ, ಕಪ್ಪಾಗ್ತಿದೆ."

"ಬಾಯಿ ಮುಚ್ಕೊಂಡು ಬಿದ್ದಿರು."

ವಾರದ ಕೊನೆಗೆ, ಪಟ್ಟಿ ಬಿಗಿದಿರುವಾಗಲೇ, ಮಣಿಕಟ್ಟಿನ ಅಂಚಿನ ನೀಲಿ ತಿಳಿಯಾಯಿತು. ಉಗುರಿನಿಂದ ಒತ್ತಿ ಬಿಟ್ಟೆ. ಬೆಳ್ಳಗಾದ ಜಾಗ ನಿಧಾನವಾಗಿ ಕೆಂಪೇರಿತು.

"ಅಕ್ಕ..." ಎಂದೆ. ನಂಬಿಕೆಯಾಗದೆ ಅದೇ ಜಾಗವನ್ನು ಮತ್ತೊಮ್ಮೆ ಒತ್ತಿ ನೋಡಿದೆ.

"ಹೋಯ್ತೇನೋ?" ಎಂದವಳು ಕಣ್ಣು ಮುಚ್ಚಿಕೊಂಡೇ ಗೊಳೋ ಎಂದು ಅಳತೊಡಗಿದಳು. ಆಗಲೂ ತೊಡೆಯ ಕೆಳಗಿನ ಕೈ ಹೊರಗೆ ತೆಗೆಯಲಿಲ್ಲ.