ತಪ್ಪಿದ ಬಡಿತ

ಚಲುವಮ್ಮ ಸತ್ತ ಮಗನ ತೋರುಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದನ್ನು ಸಿಕ್ಕಿಸುತ್ತಿದ್ದಳು. ಸೆಟೆದ ಬೆರಳು ಒಪ್ಪುತ್ತಿರಲಿಲ್ಲ. ಅದರ ವೈರು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದಕ್ಕೆ ಸೇರಿತ್ತು.

“ಅದ್ಯಾಕತ್ಗೆ?” ಎಂದ ಅವಳ ಮೈದುನ ಸೋಮಯ್ಯ.

“ನಾಗರಾಜುಂದೇ ಮಿಸನ್ನು. ಒಂದೊರ್ಸದಿಂದ ದಿನಾ ಇಕ್ಕೊಂಡು ಕೂತ್ಕತಿದ್ದ. ಗುಣಿಗೆ ಅದೂ ಓಗ್ಲಿ.”

“ಓಗ್ಲಿ ಬುಡು. ಎಲಡಿಕೆ ಚೀಲದ ಜತ್ಗೆ ಅದ್ನೂ ಇಕ್ಕು. ಅಲ್ಲೂ ಯಾರ ಗದ್ದೆಗೆ ಎಷ್ಟು ನೀರು ಅಂತ ಎಣುಸ್ಲಿ, ನೀರುಗಂಟಿ ನನ್ಮಗ!” ನಗಲು ಹೋದ ಸೋಮಯ್ಯ ಬಿಕ್ಕಿದ. ಆಮೇಲೆ ಕಣ್ಣೊರೆಸಿಕೊಂಡು, ಸೊಸೆಯ ಕಡೆ ತಿರುಗಿ, “ಈ ಮಗೀಗೂ ಓದಿದ್ದು ಸಾಕು. ಅತ್ತೆ ಜತೇಲಿರ್ಲಿ,” ಎಂದ.

ಮೇಘನ ಗಂಡನ ತಲೆಯ ಬಳಿ ಕೂತಿದ್ದಳು. ಆ ಯಂತ್ರ ಅವನದಲ್ಲ, ಅವಳದು. ಮೈಸೂರಿನಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗಿನ ಕೊನೆಯ ವರ್ಷ ಅವಳು ಕಟ್ಟಿದ ನಾಡಿಮಾಪಕ. ಕಾಲೇಜಿಗೇ ಮೊದಲ ಬಹುಮಾನ ಪಡೆದದ್ದು. ಇದ್ದದ್ದು ಅದೊಂದೇ. ಸೋಮವಾರ ಅದರೊಂದಿಗೆ ಮದರಾಸಿನ ಪ್ರಯೋಗಾಲಯದಲ್ಲಿ ಹಾಜರಾದರೆ ಎರಡು ವರ್ಷದ ಸಂಶೋಧನೆಗೆ ಜಾಗ. ಅರ್ಜಿಯನ್ನು ನಾಗರಾಜುವೇ ಅರಕೆರೆಯಿಂದ ಬಸ್ಸು ಹತ್ತಿ ಹೋಗಿ ಶ್ರೀರಂಗಪಟ್ಟಣದಲ್ಲಿ ರಿಜಿಸ್ಟರ್ ಪೋಸ್ಟ್ ಮಾಡಿ ಬಂದಿದ್ದ.

*

ಜಗಲಿಯ ಮೇಲೆ ಅವನು ಕ್ಲಿಪ್ಪು ಹಾಕಿಕೊಂಡು ಕೂರುತ್ತಿದ್ದ. ಬಡಿತಕ್ಕೊಂದು ಸಲ ಕೆಂಪು ದೀಪ ಮಿನುಗಬೇಕು.

“ನೋಡು, ಅಲ್ಲೊಂದು ತಪ್ತು.”

“ನಿಮ್ದಲ್ಲ ಕಣ್ರೀ, ನನ್ನ ಸರ್ಕ್ಯೂಟಿನ ತಪ್ಪು.”

“ತೂಬು ಸರ್ಯಾಗಿ ಮುಚ್ದೆ ಇದ್ರೆ ಕಾಲ್ವೆ ನೀರೂ ಇಂಗೇ ತಡವರಿಸ್ತದೆ ಕಣಮ್ಮಿ.”

“ಎದೆ ನಿಮ್ಮ ಕಾಲುವೆ ಅಲ್ಲ.” ಅವಳು ನಕ್ಕಳು. ಮಾರನೆಯ ದಿನ, ಏರಿಳಿತಗಳನ್ನು ಸಮಮಾಡಲು, ತೊಗರಿಬೇಳೆಯಷ್ಟು ಗಾತ್ರದ ಕೆಪಾಸಿಟರೊಂದನ್ನು ಬೆಸೆದಳು. ಅಲ್ಲಿಂದ ದೀಪ ಒಂದೇ ಸಮನೆ ಮಿನುಗಿತು.

“ಅಂಗಾದ್ರೆ ನಾನೂ ಸರಿಹೋದೆ ಅನ್ನು,” ಎಂದ ನಾಗರಾಜು.

ನಿನ್ನೆ ಬೆಳಿಗ್ಗೆ ತೂಬಿನ ಹಲಗೆ ಎತ್ತುತ್ತ ಅಲ್ಲೇ ಕುಸಿದ. ಡಾಕ್ಟರು ಕೇಳಿದ್ದು ಒಂದೇ ಮಾತು: “ಬಡಿತ ತಪ್ತಿದ್ದದ್ದು ಯಾರೂ ನೋಡ್ಲಿಲ್ವಾ?”

*

ಚಟ್ಟ ಕಟ್ಟಿ ಮುಗಿಸಿದ ಚಿಕ್ಕಸ್ವಾಮಿ ಅವಳ ಪಕ್ಕ ಕುಕ್ಕರಿಸಿದ. ನಾಗರಾಜುವಿನ ಜತೆ ಕಾಲುವೆ ಕಾಯುತ್ತಿದ್ದವನು.

“ಅತ್ಗೆ, ಮದ್ರಾಸಿಗೆ ಅದೇ ಅಲ್ವಾ ಬೇಕು? ನಾಗ ಯೋಳಿದ್ದ. ಊಂ ಅನ್ನಿ, ತಗ್ದ್ಬುಡ್ತೀನಿ.”

ಚಲುವಮ್ಮನ ಕೈ ಇನ್ನೂ ಮಗನ ಬೆರಳ ಮೇಲಿತ್ತು. ಅಂಗಳವೆಲ್ಲ ಮೇಘನಳನ್ನೇ ನೋಡುತ್ತಿತ್ತು.

ಅವಳು ಪೆಟ್ಟಿಗೆ ಎಳೆದುಕೊಂಡು ಮುಚ್ಚಳ ತೆಗೆದಳು. ಉಗುರಿನಿಂದ ಮೀಟಿ ಆ ಕೆಪಾಸಿಟರನ್ನು ಕಿತ್ತಳು. ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಗಂಡನ ಪಕ್ಕೆಗೆ ಒತ್ತಿಟ್ಟಳು.

“ಇರ್ಲಿ ಬಿಡಿ.”

ತಮಟೆ ಶುರುವಾಯಿತು. ಚಟ್ಟ ಎದ್ದಿತು. ಬಳೆ ತೆಗೆಯಲು ಬಂದ ಹೆಂಗಸರು ಅವಳ ಬಲಗೈ ಹಿಡಿದುಕೊಂಡರು.

“ಮುಷ್ಟಿ ಬಿಚ್ಚವ್ವ. ಬಳೆ ಬರ್ಬೇಕಲ್ಲ.”

ಕೆಪಾಸಿಟರಿನ ಎರಡು ಪುಟ್ಟ ತಂತಿಕಾಲುಗಳು ಅಂಗೈಗೆ ಚುಚ್ಚುತ್ತಿದ್ದವು. ಹೆಂಗಸರು ಒಂದೊಂದೇ ಬೆರಳನ್ನು ಬಿಡಿಸಲು ನೋಡಿದರು. ಬೆರಳು ಒಪ್ಪಲಿಲ್ಲ.