ನನ್ನ ಸಾವಿನ ಸುದ್ದಿ ನಾನೇ ಕೂಗಿದ್ದು

ನಂಜನಗೂಡು ದಾಟಿ ಹೊಳೆ ಟಿ. ನರಸೀಪುರದ ಕಡೆ ತಿರುಗುವ ಜಾಗದಲ್ಲಿ ನಮ್ಮೂರು. ಊರ ಮುಂದೆ, ಹೊಳೆಯ ನಡುವೆ ಒಂದು ಗಡ್ಡೆ ಇದೆ. ಮೇಲಿನ ಅಣೆಕಟ್ಟೆಯಲ್ಲಿ ನೀರು ಬಿಡುವ ತನಕ ಮೊಣಕಾಲುದ್ದ ನೀರು ದಾಟಿ ಅಲ್ಲಿಗೆ ಹೋಗಬಹುದು. ಅಲ್ಲಿ ಸೊಂಟದುದ್ದ ಹುಲ್ಲು. ನಮ್ಮ ಕೇರಿಯವರಿಗೆ ಹೊಲ ಕಡಿಮೆ, ಆಡು ಜಾಸ್ತಿ. ಬೆಳಗಾದರೆ ಆಡು ಹೊಡೆದುಕೊಂಡು, ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಗಡ್ಡೆ ಸೇರುವವರೇ ಹೆಚ್ಚು.

ಎರಡು ಸಾವಿರದ ಐದನೇ ಇಸವಿ ಯುಗಾದಿ ಕಳೆದ ಮೇಲೆ ನಮ್ಮ ಅಂಬೇಡ್ಕರ್ ಭವನಕ್ಕೆ ಕಂಪ್ಯೂಟರು ಬಂತು. ಮೈಸೂರಿನ ಒಂದು ಸಂಸ್ಥೆಯವರು ಅದನ್ನೂ ಒಂದು ಫೋನನ್ನೂ ಕೂರಿಸಿ, ನಿಮ್ಮ ಮಹಿಳಾ ಸಂಘವೇ ನಡೆಸಲಿ ಎಂದು ಹೇಳಿ ಹೋದರು. ಪಿಯುಸಿ ಓದಿದ್ದ ಇಂದ್ರಾಣಿ ಅದನ್ನು ನಡೆಸಲು ಕಲಿತಳು. ರಾತ್ರಿ ಶಾಲೆಯಲ್ಲಿ ಓದು ಕಲಿತಿದ್ದ ನನ್ನನ್ನು ಮೈಕಿನ ಮುಂದೆ ಕೂರಿಸಿದರು. ಇಂಟರ್ನೆಟ್ಟಿಗೆ ಫೋನಿನ ಲೈನು ಸಿಗಬೇಕಾದರೆ ನಾಲ್ಕೈದು ಸಲ ಕಿರ್ರೋ ಎಂದು ಅರಚಿ ಕಡಿದುಹೋಗುತ್ತಿತ್ತು. ಇಂದ್ರಾಣಿ ಅದಕ್ಕೆ ಬೈಯುತ್ತಿದ್ದಳು, ನಾನು ಕಾಯುತ್ತಿದ್ದೆ. ಸಿಕ್ಕ ಮೇಲೆ ನಂಜನಗೂಡು ಮಾರುಕಟ್ಟೆಯಲ್ಲಿ ಟೊಮೇಟೊ ಎಷ್ಟು, ತಾಂಡ್ಯದ ಯಾವ ಫ್ಯಾಕ್ಟರಿಗೆ ಆಳು ಬೇಕು, ಕವಲಂದೆಗೆ ಕಣ್ಣಿನ ಡಾಕ್ಟರು ಯಾವತ್ತು ಬರುತ್ತಾರೆ, ಎಲ್ಲವನ್ನೂ ಬರೆದುಕೊಂಡು ಓದುತ್ತಿದ್ದೆ. ಕೊನೆಗೆ ಅಣೆಕಟ್ಟೆಯ ನೀರು.

ಭವನದ ಮೇಲಿನ ಮೈಕು ಮಾತ್ರ ಕಂಪ್ಯೂಟರಿಗಿಂತ ಹಳೆಯದು. ಅದನ್ನು ತಂದದ್ದು ಸಾವಿನ ಸುದ್ದಿ ಕೂಗುವುದಕ್ಕೆ. ಕೇರಿಯಲ್ಲಿ ಯಾರಾದರೂ ತೀರಿಕೊಂಡರೆ ಮೈಕಿನಲ್ಲಿ ಹೆಸರು ಹೇಳುತ್ತಾರೆ. ಹೆಸರು ಕಿವಿಗೆ ಬಿದ್ದ ಗಳಿಗೆಯಲ್ಲೇ ಕೈಯಲ್ಲಿರುವುದನ್ನು ಕೆಳಗಿಟ್ಟು, ದನಕರು ಸಮೇತ ಊರು ಸೇರಬೇಕು. ಮಣ್ಣಾಗುವ ತನಕ ಯಾರೂ ಕೆಲಸ ಮುಟ್ಟುವುದಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಬಂದು ಬಾಗಿಲಲ್ಲಿ ಕೂರುತ್ತಾರೆ. ಇದನ್ನು ಮೀರಿದವರನ್ನು ನಾನು ಕಂಡಿಲ್ಲ.

ಆಷಾಢದಲ್ಲಿ ನಾನೊಂದು ತಪ್ಪು ಮಾಡಿದೆ. ಕಂಪ್ಯೂಟರಿನಲ್ಲಿ ಎರಡು ಸಾಲು ಬರುತ್ತದೆ, ಅಣೆಕಟ್ಟೆಗೆ ಬರುವ ನೀರಿನದೊಂದು, ಹೊಳೆಗೆ ಬಿಡುವ ನೀರಿನದೊಂದು. ಇಂದ್ರಾಣಿ ಇಲ್ಲದ ದಿನ ನಾನೇ ನೋಡಿ, ಬರುವ ನೀರನ್ನು ಬಿಡುವ ನೀರೆಂದು ಓದಿಬಿಟ್ಟೆ. ಗಡ್ಡೆಯಲ್ಲಿದ್ದವರು ಕೊಯ್ದ ಹುಲ್ಲು ಬಿಟ್ಟು ಎದ್ದೆವೋ ಬಿದ್ದೆವೋ ಎಂದು ಓಡಿಬಂದರು. ನನ್ನ ಓರಗಿತ್ತಿ ಮಂಗಳಮ್ಮನ ಒಂದು ಆಡಿನ ಮರಿ ಆ ಗಲಾಟೆಯಲ್ಲಿ ಕಲ್ಲಿಗೆ ಸಿಕ್ಕಿ ಕಾಲು ಮುರಿದುಕೊಂಡಿತು. ನೀರು ಬರಲೇ ಇಲ್ಲ. ಆವತ್ತಿನಿಂದ ಮಂಗಳಮ್ಮ ನನ್ನ ಮುಖ ನೋಡುವುದನ್ನು ಬಿಟ್ಟಳು. ನಾನು ಇಂದ್ರಾಣಿಯ ಪಕ್ಕ ಕೂತು ಆ ಎರಡು ಸಾಲನ್ನು ಹತ್ತು ಸಲ ಓದಿ ಕಲಿತೆ.

ಒಂದು ವಾರವಾಗಿತ್ತು. ಬೆಳಿಗ್ಗೆ ಹತ್ತೂವರೆಗೆ ಲೈನು ಸಿಕ್ಕಿತು. ಬಿಡುವ ನೀರಿನ ಸಾಲಿನಲ್ಲಿ ಮೂವತ್ತೈದು ಸಾವಿರ ಕ್ಯೂಸೆಕ್. ನನ್ನ ಕಣ್ಣನ್ನು ನಾನೇ ನಂಬದೆ ಇಂದ್ರಾಣಿಗೆ ಓದು ಎಂದೆ. ಅವಳೂ ಅದನ್ನೇ ಓದಿದಳು. ಬೆಳಗಿನ ಜಾವ ಬಿಟ್ಟಿದ್ದಾರೆ. ಲೆಕ್ಕ ಹಾಕಿದರೆ ಮಧ್ಯಾಹ್ನ ಒಂದರ ಹೊತ್ತಿಗೆ ನಮ್ಮೂರಲ್ಲಿ ಹೊಳೆ ಏರಬೇಕು. ತಾಲ್ಲೂಕಿನ ಜೀಪು ಹೊಳೆದಂಡೆಯ ಊರುಗಳನ್ನೆಲ್ಲ ಕೂಗಿಕೊಂಡು ಬರಬೇಕು, ನಮ್ಮೂರು ಕೊನೆಯದು. ಗಡ್ಡೆಯಲ್ಲಿ ಹತ್ತೊಂಬತ್ತು ಜನ, ನೂರರ ಮೇಲೆ ಆಡು.

ಮೈಕಿನಲ್ಲಿ ಮೂರು ಸಲ ಕೂಗಿದೆ. ಭವನದ ಕಿಟಕಿಯಿಂದ ಗಡ್ಡೆ ಕಾಣುತ್ತದೆ. ಆಡು ಕಾಯುವ ಪುಟ್ಟರಾಜು ತಲೆಯ ಟವೆಲ್ಲು ಬಿಚ್ಚಿ ನಮ್ಮ ಕಡೆ ಬೀಸಿ, ಮತ್ತೆ ಸುತ್ತಿಕೊಂಡು ಕೂತ. ಇಂದ್ರಾಣಿ ಹೊಳೆದಡಕ್ಕೇ ಓಡಿ ಕೂಗಿ ಬಂದಳು. ಅವಳಿಗೆ ಏದುಸಿರು.

"ಏನಂದ್ರು?"

"ದೊಡ್ಡವ್ವಂಗೆ ಯೋಳು, ಓದ್ವಾರದ ನೀರೇ ಇನ್ನೂ ಬಂದಿಲ್ಲ, ಅದು ಬಂದ್ಮೇಲೆ ಇದ್ನೂ ನೋಡವ, ಅಂದ ಪುಟ್ಟರಾಜಣ್ಣ. ಎಲ್ರೂ ನಗಾಡ್ತಾವ್ರೆ. ಮಂಗಳವ್ವ ತಿರುಗೂ ನೋಡ್ಲಿಲ್ಲ."

ಗಡಿಯಾರದಲ್ಲಿ ಹನ್ನೊಂದೂಕಾಲು. ತಪ್ಪು ನನ್ನದೇ, ಅವರನ್ನು ಬೈದು ಏನು ಪ್ರಯೋಜನ? ನೀರು ಅಂದರೆ ನಂಬುವುದಿಲ್ಲ. ಹಾಗಾದರೆ ಏನು ಅಂದರೆ ನಂಬುತ್ತಾರೆ ಎಂದು ಕೂತು ಯೋಚಿಸಿದೆ. ಹೊಳೆದದ್ದೇ ತಡ, ಮೈಕು ಆನ್ ಮಾಡು ಎಂದೆ.

"ಇನ್ನೇನ್ ಕೂಗ್ತೀಯೆ ದೊಡ್ಡವ್ವ?"

"ಸಾವು."

ಇಂದ್ರಾಣಿಯ ಕೈ ಸ್ವಿಚ್ಚಿನ ಮೇಲೇ ನಿಂತಿತು. "ಯಾರ್ದು?"

"ಬದುಕಿರೋ ಇನ್ನೊಬ್ರ ಎಸ್ರು ಯೋಳಕೆ ನಾನ್ಯಾರು? ನಂದೇ ಯೋಳ್ತೀನಿ."

ಅವಳು ಬೇಡ ಬೇಡ ಅನ್ನುತ್ತಿರುವಂತೆಯೇ ನಾನೇ ಸ್ವಿಚ್ಚು ಒತ್ತಿದೆ. ಯಾವತ್ತೂ ಹೇಳುವ ಹಾಗೆಯೇ, ದನಿ ಎತ್ತದೆ, ತಡೆತಡೆದು ಹೇಳಿದೆ. "ಕೇರಿಯ ಎಲ್ಲರಿಗೂ ತಿಳಿಸುವುದೇನೆಂದರೆ, ದೇವೀರಮ್ಮನವರು ಈಗ್ಗೆ ಸ್ವಲ್ಪ ಹೊತ್ತಿನ ಮುಂಚೆ ತೀರಿಕೊಂಡಿರುತ್ತಾರೆ. ಹೊರಗೆ ಹೋದವರೆಲ್ಲ ಬರಬೇಕು."

ಎದೆ ಹೇಗೆ ಹೊಡೆದುಕೊಂಡಿತು ಎಂದರೆ, ಹೇಳಿದ್ದು ನಿಜವೇ ಆಗಿಬಿಡುತ್ತದೇನೋ ಅನ್ನಿಸಿತು. ಇಬ್ಬರೂ ಕಿಟಕಿಗೆ ಮುಖ ಹಚ್ಚಿದೆವು. ಗಡ್ಡೆಯಲ್ಲಿ ಬಗ್ಗಿದ್ದ ಬೆನ್ನುಗಳೆಲ್ಲ ಒಂದೇ ಸಲಕ್ಕೆ ನೆಟ್ಟಗಾದವು. ಪುಟ್ಟರಾಜು ಟವೆಲ್ಲು ತೆಗೆದ, ಈ ಸಲ ಬೀಸಲಿಲ್ಲ, ಹೆಗಲಿಗೆ ಹಾಕಿಕೊಂಡ. ಕುಡುಗೋಲು ಇದ್ದಲ್ಲೇ ಇಟ್ಟು, ಆಡುಗಳನ್ನು ಒಟ್ಟು ಮಾಡಿಕೊಂಡು, ಒಬ್ಬರ ಹಿಂದೊಬ್ಬರು ನೀರಿಗಿಳಿದರು. ಎಲ್ಲರಿಗಿಂತ ಮುಂದೆ ಒಂದು ಹಸಿರು ಸೀರೆ ನೀರು ಎರಚಿಕೊಂಡು ಓಡಿಬರುತ್ತಿತ್ತು. ಮಂಗಳಮ್ಮ.

ನನ್ನ ಮನೆ ಭವನದ ಪಕ್ಕದಲ್ಲೇ. ಬೀಗ ಹಾಕಿತ್ತು. ಅವಳು ಬಾಗಿಲಲ್ಲೇ ಕುಸಿದು ಹಾಡಿಕೊಂಡು ಅಳತೊಡಗಿದಳು. "ನನ್ನಕ್ಕಾ, ಎಂಟು ದಿಸದಿಂದ ನಿನ್ನ ಮಕ ನೋಡ್ನಿಲ್ಲ ಕಣಕ್ಕಾ. ಮರಿ ಕಾಲು ಮುರೀತು ಅಂತ ನಿನ್ನ ಮಾತು ಬುಟ್ನಲ್ಲಾ." ನನಗೂ ಅಳು ಬಂತು. ತಕ್ಷಣ ಹೊರಗೆ ಹೋಗಬೇಕಿತ್ತು. ಆದರೆ ಕೊನೆಯ ಆಡು ದಡ ಹತ್ತುವುದನ್ನು ನೋಡಬೇಕಿತ್ತು. ಇನ್ನೆರಡು ಮಾತು ಕೇಳೋಣ ಎಂಬ ಆಸೆಯೂ ಇತ್ತು, ಸುಳ್ಳೇಕೆ?

ಎಲ್ಲರೂ ದಡ ಹತ್ತಿದ ಮೇಲೆ ಹೊರಗೆ ಬಂದೆ. ಒಬ್ಬಳು ಕಿರುಚಿದಳು. ಮಂಗಳಮ್ಮ ಬಾಯಿ ತೆರೆದವಳು ಹಾಗೇ ಇದ್ದಳು. ಆಮೇಲೆ ಬೈಗುಳ ಶುರುವಾಯಿತು. ಸತ್ತವಳಿಗೆ ಸಿಕ್ಕಿದ ಹೊಗಳಿಕೆಯೆಲ್ಲ ಬದುಕಿದವಳ ಮೇಲೆ ಬೈಗುಳವಾಗಿ ತಿರುಗಿತು. ಬಾಯಿಗೆ ಬಂದದ್ದನ್ನೆಲ್ಲ ಅಂದರು. ಪುಟ್ಟರಾಜು ಮಾತ್ರ, "ಸತ್ತೋದೋಳೇ ಮೈಕಲ್ಲಿ ಕೂಗ್ತಾವ್ಳೆ, ಒಬ್ರಿಗಾದ್ರೂ ಒಳೀಬಾರ್ದಾ?" ಎಂದು ತಲೆ ಚಚ್ಚಿಕೊಂಡ.

ವಾಪಸು ಹೋಗುತ್ತೇವೆ ಎಂದು ಹೊರಟರು. ನಾನು ಹೊಳೆಗೆ ಇಳಿಯುವ ದಾರಿಯಲ್ಲಿ ಅಡ್ಡ ಕೂತೆ.

"ಒಂದು ಗಂಟೆ ತಂಕ ಕೂತ್ಕಳಿ. ನೀರು ಬರ್ದಿದ್ರೆ ಆ ಮೈಕ ಕಿತ್ತು ನಾನೇ ಒಳೇಗೆ ಎಸೀತೀನಿ."

ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟರೋ, ನಾನು ಮೈಕು ಎಸೆಯುವುದನ್ನು ನೋಡುವ ಆಸೆಯೋ, ಕೂತರು. ಒಂದು ಹೊಡೆಯಿತು. ಹೊಳೆ ಮೊದಲಿನಂತೆಯೇ ತಿಳಿಯಾಗಿ ಹರಿಯುತ್ತಿತ್ತು. ಒಂದೂಕಾಲು. ಇಂದ್ರಾಣಿ ನನ್ನ ಕೈ ಹಿಡಿದುಕೊಂಡಳು. ಪುಟ್ಟರಾಜು ಎದ್ದು, ನನ್ನನ್ನು ಬಳಸಿಕೊಂಡು, ಕುಡುಗೋಲಾದರೂ ತರುತ್ತೇನೆ ಎಂದು ನೀರಿಗಿಳಿದ. ನಾಲ್ಕು ಹೆಜ್ಜೆ ಹೋಗಿ ನಿಂತ. ಬಗ್ಗಿ ಕಾಲು ನೋಡಿಕೊಂಡ. ಹೆಜ್ಜೆ ಇಡುವಾಗ ಮೀನಖಂಡಕ್ಕಿದ್ದ ನೀರು ನಿಂತಲ್ಲೇ ಮೊಣಕಾಲಿಗೆ ಬಂದಿತ್ತು. ಬಣ್ಣ ಕೆಂಪಗಾಗುತ್ತಿತ್ತು, ನೊರೆ, ಕಡ್ಡಿ, ಕಸ. ಅವನು ತಿರುಗಿ ಓಡಿಬಂದು ದಡ ಹತ್ತುವಷ್ಟರಲ್ಲಿ ಮೇಲಿನ ತಿರುವಿನಿಂದ ಭೋರೆಂಬ ಸದ್ದು ಕೇಳಿಸಿತು.

ಮುಕ್ಕಾಲು ಗಂಟೆಯಲ್ಲಿ ಗಡ್ಡೆ ಹೋಯಿತು. ಮೊದಲು ಮರಳು, ಆಮೇಲೆ ಹುಲ್ಲಿನ ಹೊರೆ, ಕೊನೆಗೆ ಹುಲ್ಲಿನ ತುದಿಯೂ ಕಾಣಲಿಲ್ಲ. ಎಲ್ಲರೂ ಸಾಲಾಗಿ ನಿಂತು ನೋಡಿದರು. ಯಾರೋ ಆಡುಗಳನ್ನು ಎಣಿಸಿದರು, ಮತ್ತೆ ಎಣಿಸಿದರು. ಜೀಪು ಬಂದು ಹೊಳೆಗೆ ಇಳಿಯಬೇಡಿ ಎಂದು ಕೂಗಿದಾಗ ಪುಟ್ಟರಾಜು, "ನಮ್ಮೂರಲ್ಲಿ ಒಬ್ರು ಸತ್ತು ಆಗ್ಲೇ ಯೋಳವ್ರೆ ಸಾ," ಎಂದ. ಜೀಪಿನವರಿಗೆ ಅರ್ಥವಾಗಲಿಲ್ಲ.

ಮಾರನೆಯ ಬೆಳಿಗ್ಗೆ ಲೈನು ಸಿಕ್ಕಿ, ನೀರಿನ ಸಾಲು ನೋಡುತ್ತ ಕೂತಿದ್ದೆ. ಮಂಗಳಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಬೆನ್ನ ಹಿಂದೆ ನಿಂತಳು. ಆ ಕೋಣೆಗೆ ಅವಳು ಬಂದದ್ದು ಅದೇ ಮೊದಲು.

"ಓದ್ವಾರ ಯಾವ್ ಸಾಲು ನೋಡ್ದೆ?"

ತೋರಿಸಿದೆ.

"ನೆನ್ನೆ?"

ತೋರಿಸಿದೆ. ಅವಳು ಹಣೆಯ ಕುಂಕುಮಕ್ಕೆ ಬೆರಳು ಒತ್ತಿ, ಇಂದ್ರಾಣಿ ಬೇಡ ಅನ್ನುವಷ್ಟರಲ್ಲಿ, ಬಿಡುವ ನೀರಿನ ಸಾಲಿನ ಪಕ್ಕಕ್ಕೆ ಗಾಜಿನ ಮೇಲೆ ಒಂದು ಬೊಟ್ಟು ಇಟ್ಟಳು. ಆಮೇಲೆ ಬೆಂಚು ಎಳೆದುಕೊಂಡು ಮೈಕಿನ ಮುಂದೆ ಕೂತಳು.

"ಇನ್ಮ್ಯಾಕೆ ನೀರಿನ ಸುದ್ದಿ ನಾನು ಕೂಗ್ತೀನಿ, ನೀನು ಓದಿ ಯೋಳು. ನೀ ಕೂಗುದ್ರೆ ಬದುಕವ್ಳೋ ಸತ್ತವ್ಳೋ ಅಂತ ಜನ ನನ್ನ ಬಂದು ಕೇಳ್ತಾರೆ."